ದ್ವಾದಶಿಯ ಆರು ಗುಳಿಗೆ

ಶಿಗ್ಗಾವಿ,
೮ ಫೆಬ್ರುವರಿ ೧೯೮೪, ಬುಧವಾರ

ಮಧ್ವೇಶ ಅವರಿಗೆ ಇಂದಿರೆಯ ನಮಸ್ಕಾರ.

ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಪತ್ರ ಶುರು ಮಾಡುವುದು ನಿಮ್ಮ ತಾಯಿಯವರಿಗೆ ಸೇರುವುದಿಲ್ಲ. ಆದರೆ ನಾನು ಇಲ್ಲಿಗೆ ಬಂದ ಒಂದೂವರೆ ವರ್ಷದಲ್ಲಿ ‘ಶ್ರೀಯುತರಿಗೆ’ ಎಂದು ಬರೆದು ಹಾಕಿದ ಕಾರ್ಡುಗಳ ಪೈಕಿ ಒಂದಕ್ಕೆ ಮಾತ್ರ ನಿಮ್ಮಿಂದ ಉತ್ತರ ಬಂತು, ಅದೂ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಲು ಸಹಿ ಬೇಕಾಗಿದ್ದಾಗ. ಮೊನ್ನೆ ಬಂದದ್ದು ಎರಡನೆಯದು. ಆದ್ದರಿಂದ ಈ ಸಲ ಹೆಸರು ಹಿಡಿದೇ ಕರೆಯುತ್ತಿದ್ದೇನೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಬೆಳಿಗ್ಗೆ ಹಾನಗಲ್ಲ ಮೇಲಿಂದ ಹಿರೇಕೆರೂರಿಗೆ ಬರುವ ಬಸ್ಸಿನ ಕಂಡಕ್ಟರ್ ಪೀರಸಾಬರ ಕೈಯಲ್ಲಿ ಕೊಡುತ್ತೇನೆ. ಅವರ ಮಗಳು ನನ್ನ ಎಂಟನೆಯ ತರಗತಿಯಲ್ಲಿದ್ದಾಳೆ. ಮನೆಗೆ ಕೊಡಬೇಡಿರಿ, ಕೋರ್ಟಿಗೆ ಹೋಗಿ ಅವರ ಕೈಗೇ ಕೊಡಿರಿ ಎಂದೆ. ಆತ ನಕ್ಕು, ಬಾಯಾರ, ಕೋರ್ಟಿನ ಗುಮಾಸ್ತಗ ನೀವ ಸಮನ್ಸ್ ಕಳಸಾಕತ್ತೀರಲ್ರಿ, ಸಹಿ ತಗೊಂಡ ಬರ್ಲೇನು ಅಂತ ಕೇಳಿದರು. ತಗೊಂಡೇ ಬರ್ರಿ ಎಂದಿದ್ದೇನೆ. ದಯವಿಟ್ಟು ಸಹಿ ಮಾಡಿ ಕಳಿಸಿರಿ. ಪತ್ರ ತಲುಪಿತೆಂದು ನನಗೆ ಗೊತ್ತಾಗಬೇಕು.

ಅವಸರ ಯಾಕೆಂದರೆ, ಬರುವ ಸೋಮವಾರ ಏಕಾದಶಿ. ಸೋಮವಾರ ನಮ್ಮ ಕೃಷ್ಣಿಗೆ ಮೂರ್ಛೆಯ ಗುಳಿಗೆ ತಪ್ಪಬಾರದು. ಡಾಕ್ಟರು ದಿನಕ್ಕೆ ಎಷ್ಟು ಬರೆದಿದ್ದಾರೋ ಅಷ್ಟು, ಎಂದಿನ ಹೊತ್ತಿಗೆ, ನೀರಿನೊಂದಿಗೆ. ಮರುದಿನ ದ್ವಾದಶಿಯ ಪಾರಣೆಗೆ ಎರಡು ದಿನದ್ದನ್ನು ಕೂಡಿಸಿ ಕೊಡುವುದೂ ನಡೆಯಬಾರದು. ಅಂದೂ ಒಂದು ದಿನದ್ದೇ. ಈ ಎರಡು ಮಾತು ನಿಮ್ಮ ತಲೆಯಲ್ಲಿ ಕೂತರೆ ಉಳಿದ ಪತ್ರ ಓದದಿದ್ದರೂ ನಡೆಯುತ್ತದೆ. ಆದರೂ ಓದಿರಿ. ಇದನ್ನು ಬರೆಯಲು ನನಗೆ ಐದು ದಿನ ಹಿಡಿದಿದೆ.

ನಿಮ್ಮ ಪತ್ರದಲ್ಲಿ ಇದ್ದದ್ದು ಹನ್ನೊಂದು ಸಾಲು. ಜನವರಿ ಇಪ್ಪತ್ತೊಂಬತ್ತರ ಬೆಳಗಿನ ಜಾವ ಕೃಷ್ಣಿಗೆ ಮತ್ತೆ ಮೂರ್ಛೆ ಬಂತು, ನಾಲಿಗೆ ಕಚ್ಚಿಕೊಂಡಳು. ದಾವಣಗೆರೆಯ ಡಾಕ್ಟರು ಇಷ್ಟು ಔಷಧಕ್ಕೂ ರೋಗ ಹತೋಟಿಗೆ ಬರುತ್ತಿಲ್ಲ ಎಂದು ದಿನದ ಫೆನಿಟೋಯಿನ್ ಗುಳಿಗೆ ಹೆಚ್ಚಿಸಿ, ಮೇಲೊಂದು ಹೊಸ ಗುಳಿಗೆ ಬರೆದುಕೊಟ್ಟರು. ಈಗ ಆಕೆಗೆ ಪುಸ್ತಕದ ಅಕ್ಷರ ಎರಡೆರಡು ಕಾಣುತ್ತವೆ, ಬರೆಯಲು ಹೋದರೆ ಕೈ ನಡುಗುತ್ತದೆ, ಗೋಡೆ ಹಿಡಿದು ನಡೆಯುತ್ತಾಳೆ. ಕೊನೆಯ ಸಾಲು: ‘ಈ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಿಸುವುದು ಬೇಡ, ಮುಂದೂ ಓದಿಸುವುದು ಬೇಡ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ.’ ಎಲ್ಲರ ಎಂದರೆ ಯಾರು ಯಾರು? ಕೃಷ್ಣಿಯನ್ನು ಕೇಳಿದಿರಾ? ಹದಿನಾರು ವರ್ಷದ ಹುಡುಗಿಯನ್ನು ಓದಿನಿಂದ ಬಿಡಿಸುವ ಸುದ್ದಿಯನ್ನು, ಬಾವಿಯ ಹಗ್ಗ ಬದಲಿಸಿದ ಸುದ್ದಿಯಂತೆ ಒಂದು ಸಾಲಿನಲ್ಲಿ ಮುಗಿಸಲು ನಿಮಗೆ ಹೇಗೆ ಸಾಧ್ಯವಾಯಿತೋ ತಿಳಿಯದು. ಸಿಟ್ಟು ಮಾಡಬಾರದೆಂದು ಕೂತವಳು ಮಾಡುತ್ತಿದ್ದೇನೆ. ಕ್ಷಮಿಸಿರಿ. ಅಥವಾ ಬೇಡ, ಕ್ಷಮಿಸಬೇಡಿ. ಈ ಒಂದು ಸಿಟ್ಟು ನ್ಯಾಯವಾದದ್ದು. ಉಳಿದ ಸಿಟ್ಟುಗಳ ವಿಷಯ ಮುಂದೆ ಬರುತ್ತದೆ.

ಆ ಹೊಸ ಗುಳಿಗೆಯ ಹೆಸರನ್ನು ನಿಮ್ಮ ಪತ್ರದಿಂದ ಒಂದು ಚೀಟಿಯಲ್ಲಿ ಬರೆದುಕೊಂಡು ಶುಕ್ರವಾರ ಸಂಜೆ ಮಕ್ತುಮಸಾಬರ ಅಂಗಡಿಗೆ ಹೋದೆ. ಇಲ್ಲಿ ಪೇಟೆಯ ಓಣಿಯಲ್ಲಿ ಅವರದೊಂದು ಔಷಧದ ಅಂಗಡಿ ಇದೆ. ಮೊದಲು ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಚೀಟಿ ನೋಡಿ, ಇದಾ, ಇದನ್ನ ಬಂಕಾಪುರದ ನಮ್ಮ ಶೇಖಸಾಬ ಮುಖದ ನರದ ಬ್ಯಾನಿಗೆ ತಗೋತಾರ್ರಿ, ಗಾಳಿ ಬಡದ್ರ ಗಲ್ಲಕ್ಕ ಸಿಡಿಲ ಹೊಡದಂಗ ಆಗ್ತಿತ್ತು, ಗಡ್ಡಕ್ಕ ಕೈ ಹಚ್ಚಾಕ ಬಿಡ್ತಿದ್ದಿಲ್ಲ, ಈಗ ಆರಾಮ ಅದಾರ ಅಂತ ಹೇಳಿದರು. ನನಗೆ ರೇಗಿತು. ಮೂರ್ಛೆ ಬರುವ ಹುಡುಗಿಗೆ ಮುಖದ ನೋವಿನ ಔಷಧವೇ ಎಂದು ಕೇಳಿದೆ. ನರ ಎಲ್ಲಿ ಕುಣೀತಾವ ಅಲ್ಲಿ ಕುಂದರಸೂ ಔಷಧ ಇದು, ಗಲ್ಲದಾಗ ಕುಣದ್ರ ಗಲ್ಲದಾಗ, ತಲ್ಯಾಗ ಕುಣದ್ರ ತಲ್ಯಾಗ, ಡಾಕ್ಟರು ಬರದದ್ದು ಬರೋಬ್ಬರಿ ಐತಿ ಎಂದು ಸಮಾಧಾನ ಹೇಳಿ, ಯಾರಿಗ್ರಿ ಇದು ಅಂತ ಕೇಳಿದರು.

ಮಗಳಿಗೆ ಎಂದೆ. ಒಂದೂವರೆ ವರ್ಷದಿಂದ ಈ ಊರಿನಲ್ಲಿದ್ದೇನೆ. ಮಗಳು ಅಜ್ಜಿಯ ಹತ್ತಿರ ಓದುತ್ತಾಳೆ ಎಂಬುದಕ್ಕಿಂತ ಹೆಚ್ಚು ಯಾರಿಗೂ ಹೇಳಿರಲಿಲ್ಲ. ಆಕೆಗೆ ಫಿಟ್ಸ್ ಬರುತ್ತದೆ ಎಂಬ ಮಾತು ನನ್ನ ಬಾಯಿಂದ ಮೊದಲ ಸಲ ಹೊರಬಿದ್ದದ್ದು ಆ ಅಂಗಡಿಯ ಗಾಜಿನ ಕಪಾಟಿನ ಮುಂದೆ.

ಅಂಗಡಿಯ ಹಿಂದೆಯೇ ಅವರ ಮನೆ. ಪರದೆ ಸರಿಸಿ ಅವರ ಹೆಂಡತಿ ದಾವಲಬಿ ಹೊರಗೆ ಬಂದರು. ನನಗೂ ಅದ ಮಿರ್ಗಿ ಐತ್ರಿ ಬಾಯಾರ, ಹದಿನಾಲ್ಕ ವರ್ಷ ಆತು ಅಂದರು, ಯಾವುದೋ ಊರಿನ ಹೆಸರು ಹೇಳಿದಷ್ಟು ಸಹಜವಾಗಿ. ಬಾಯಿ ತೆರೆದು ವಸಡು ತೋರಿಸಿದರು. ಕೃಷ್ಣಿಯದರಂತೆಯೇ ಊದಿ ಹಲ್ಲಿನ ಅರ್ಧ ಮುಚ್ಚಿದ್ದವು. ಇವರು ಅಂತಾರ, ನಿನ್ನ ಹಲ್ಲಿಗಿಂತ ಮೊದಲ ವಸಡ ಮಾತಾಡ್ತಾವು ಅಂತ. ಈ ಗುಳಿಗಿಗೆ ಮೀಸಿನೂ ಬಂದಾವ ನೋಡ್ರಿ, ಇನ್ನ ಅಂಗಡಿ ನಾನ ನಡಸ್ತೀನಿ, ನೀವ ಒಳಗ ರೊಟ್ಟಿ ಬಡೀರಿ ಅಂತ ಹೇಳೇನಿ ಎಂದು ನಕ್ಕರು. ಮಕ್ತುಮಸಾಬರು, ಆಕಿ ಬಡದ ರೊಟ್ಟಿಗಿಂತ ನಾ ಬಡದದ್ದ ತೆಳ್ಳಗ ಬರ್ತಾವ್ರಿ ಅಂದರು. ನನಗೆ ನಗಲಾಗಲಿಲ್ಲ. ಕೃಷ್ಣಿ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ವಸಡು ಊದಿದ್ದು ಸರಿಯಾಗಿ ಹಲ್ಲು ತಿಕ್ಕದ್ದಕ್ಕೆ ಎಂದು ಬೈದು, ರಕ್ತ ಬರುವವರೆಗೆ ತಿಕ್ಕಿಸಿದವಳು ನಾನು. ಅದು ಔಷಧದ ಪರಿಣಾಮವೆಂದು ಡಬ್ಬಿಯೊಳಗಿನ ಸಣ್ಣ ಅಕ್ಷರದ ಇಂಗ್ಲಿಷ್ ಕಾಗದದಲ್ಲಿ ಓದಿ ತಿಳಿದಿದ್ದೆ. ಹೇಳಿದರೆ ಗುಳಿಗೆ ಬಿಟ್ಟಾಳೆಂದು ಹೇಳಲಿಲ್ಲ. ಹಲ್ಲು ಚೆನ್ನಾಗಿ ತಿಕ್ಕಿದರೆ ಊತ ಸ್ವಲ್ಪ ಕಡಿಮೆಯಾಗುತ್ತದೆಂದೂ ಅದರಲ್ಲಿತ್ತು, ಆದ್ದರಿಂದ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇಂಥ ಅರ್ಧ ಸತ್ಯಗಳು ನನ್ನಲ್ಲಿ ಬಹಳ ಇವೆ.

ದಾವಲಬಿಗೆ ಆರು ವರ್ಷದಿಂದ ಒಂದು ಸಲವೂ ಮೂರ್ಛೆ ಬಂದಿಲ್ಲವಂತೆ. ಹಾಗಾದರೆ ರಮಜಾನಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಏನೂ ಇಲ್ರಿ, ನಸಿಕಿನ್ಯಾಗ ಸಹ್ರಿ ಊಟದ ಜೋಡಿ ಒಂದು, ಸಂಜಿಮುಂದ ರೋಜಾ ಬಿಟ್ಟ ಕೂಡ್ಲೆ ಎರಡು, ಒಂದ ದಿನಾನೂ ತಪ್ಪಸಂಗಿಲ್ಲ. ತಪ್ಪಸಿದ್ರ ರೋಜಾ ಬ್ಯಾಡ ಅಂತ ಇವರು ಮದಲ ಹೇಳ್ಯಾರ ಅಂದರು. ಆಗ ನಾನು, ನಮ್ಮಲ್ಲಿ ಏಕಾದಶಿಗೆ ನೀರೂ ಮುಟ್ಟುವಂತಿಲ್ಲ, ಆದ್ದರಿಂದ ಅಂದು ಬಿಟ್ಟು ಮರುದಿನ ಪಾರಣೆಗೆ ಎರಡೂ ದಿನದ್ದನ್ನು ಕೂಡಿಸಿ ಆರು ಗುಳಿಗೆ ಕೊಡುತ್ತೇವೆ, ಲೆಕ್ಕ ಸರಿಹೋಗುತ್ತದೆ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮಕ್ತುಮಸಾಬರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಬಾಯಾರ, ಹದಿನೈದ ದಿನಕ್ಕೊಮ್ಮಿ ಅಣೆಕಟ್ಟಿನ ಗೇಟ್ ಮುಚ್ಚಿ ಇಡ್ತೀರಿ, ಮರುದಿನ ಒಮ್ಮಿಗೇ ಎರಡಪಟ್ಟ ನೀರ ಬಿಡ್ತೀರಿ, ಹೊಲ ಒಣಗ್ತದೋ ಕೊಚ್ಚಿಕೊಂಡ ಹೋಗ್ತದೋ ನೀವ ಹೇಳ್ರಿ ಅಂದರು. ಮತ್ತೆ ಅವರೇ, ನೀರಡಿಕಿನೂ ಹಿಂಗ ಕೂಡಿಸಿಟ್ಟು ಮರುದಿನ ಕುಡೀತೀರೇನು ಅಂತ ಕೇಳಿದರು. ದಾವಲಬಿ, ಹಂಗ್ಯಾಕ ಮಾತಾಡ್ತೀರಿ, ಮಾಸ್ತರಬಾಯಿ ಅದಾರ ಅವರು ಎಂದು ಗಂಡನಿಗೆ ಗದರಿದರು. ಕಲತವರಿಗೆ ಹೇಳದ ಮತ್ಯಾರಿಗೆ ಹೇಳ್ಲಿ ಎಂದರು ಮಕ್ತುಮಸಾಬರು.

ಮನೆಗೆ ಬಂದು ನನ್ನ ೧೯೮೧ರ ಡೈರಿ ತೆಗೆದೆ. ಕೃಷ್ಣಿಗೆ ಫಿಟ್ಸ್ ಬಂದ ದಿನಗಳನ್ನೆಲ್ಲ ನಾನು ಅದರಲ್ಲಿ ಬರೆದಿಡುತ್ತಿದ್ದದ್ದು ನಿಮಗೆ ಗೊತ್ತು. ಮಾರ್ಚ್ ಮೂರು. ಮಾರ್ಚ್ ಹದಿನೇಳು. ಏಪ್ರಿಲ್ ಒಂದು. ಏಪ್ರಿಲ್ ಹದಿನಾರು. ಎದುರಿಗೆ ಎಷ್ಟು ನಿಮಿಷ, ಯಾವ ಕೈ ಮೊದಲು ಸೆಟೆಯಿತು, ಎಲ್ಲವೂ ಇದೆ. ಡಾಕ್ಟರು ನನ್ನ ಡೈರಿಯನ್ನು ಹೊಗಳಿದ್ದರು. ಅದೊಂದು ಪ್ರಶಸ್ತಿ ಎಂಬಂತೆ ನಾನು ಮರಳಿ ಬರುವ ಬಸ್ಸಿನಲ್ಲೆಲ್ಲ ಕೈಯಲ್ಲೇ ಹಿಡಿದುಕೊಂಡಿದ್ದೆ. ಮರುದಿನ ಶಾಲೆಯಲ್ಲಿ ಸಂಸ್ಕೃತದ ರಾಘಣ್ಣ ಮಾಸ್ತರರಿಗೆ ಆ ವರ್ಷದ ಹಳೆಯ ಪಂಚಾಂಗ ಇದ್ದರೆ ಕೊಡಿ ಎಂದೆ. ಅವರು ಸವಣೂರಿನವರು, ಮಠದ ಮಗ್ಗುಲಲ್ಲೇ ಮನೆ, ಯಾವ ಕಾಗದವನ್ನೂ ಎಸೆಯುವವರಲ್ಲ. ಸೋಮವಾರ ತಂದುಕೊಟ್ಟರು. ಯಾಕೆ ಎಂದು ಕೇಳಲಿಲ್ಲ.

ನಾಲ್ಕೂ ದ್ವಾದಶಿ. ಆ ವರ್ಷ ಡೈರಿಯಲ್ಲಿ ಇರುವ ಹದಿನಾರು ದಿನಗಳಲ್ಲಿ ಹದಿಮೂರು ದ್ವಾದಶಿ. ಉಪವಾಸ, ನಿದ್ದೆಗೆಟ್ಟ ರಾತ್ರಿ, ನಸುಕಿನ ಸ್ನಾನ, ಒಂದು ದಿನ ಪೂರ್ತಿ ಔಷಧವಿಲ್ಲದ ಮೈ. ಆಮೇಲೆ ಪಾರಣೆಯ ಎಲೆಯ ಮುಂದೆ ಆರು ಗುಳಿಗೆ. ಅಂದು ಮಧ್ಯಾಹ್ನದಿಂದ ಕಣ್ಣು ಮಂಜು, ನಾಲಿಗೆ ತೊದಲು, ಕುಡಿದವರ ನಡಿಗೆ. ಎರಡು ದಿನಕ್ಕೆ ಸರಿಹೋಗುವುದು. ಹದಿನೈದು ದಿನಕ್ಕೆ ಮತ್ತೆ ಅದೇ.

ನಾನು ತಾರೀಖು ಬರೆದೆ, ತಿಥಿ ಬರೆಯಲಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳಿಗೆ ತಿಥಿಯೆಂದರೆ ಅತ್ತೆ ಹೇಳುವ ಸುದ್ದಿ, ಬರೆದಿಡುವ ಸಂಗತಿಯಲ್ಲ. ನಿಮ್ಮ ತಾಯಿಯವರು ಪಂಚಾಂಗ ನೋಡದೆಯೇ ಹೇಳಿದ್ದರು. ಒಂದು ಸಲ ಅಲ್ಲ, ಎಷ್ಟೋ ಸಲ. ಇಂದಿರಾ, ಚಂದ್ರ ನೋಡಿಕೊಂಡು ಬರ್ತದ ಇದು, ಏಕಾದಶಿ ಮುಗೀತು ಅಂದ್ರ ನನ್ನ ಎದಿ ಡವಡವ ಅಂತದ ಅನ್ನುತ್ತಿದ್ದರು. ನಾನು ನಕ್ಕೆ. ಚಂದ್ರನಿಗೂ ಮೆದುಳಿಗೂ ಸಂಬಂಧವಿಲ್ಲವೆಂದು, ಶಾಲೆಯ ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ ತಿಳಿಸಿ ಹೇಳಿದೆ. ಅವರು ಕಂಡದ್ದು ಸರಿಯಾಗಿತ್ತು, ಕಾರಣ ಬೇರೆ ಇತ್ತು. ನನಗೆ ಕಾರಣ ಹುಡುಕುವ ಬುದ್ಧಿ ಇತ್ತು, ಕಣ್ಣು ಇರಲಿಲ್ಲ. ಇಬ್ಬರೂ ಐದು ನಿಮಿಷ ಜಗಳವಿಲ್ಲದೆ ಕೂತು ಮಾತಾಡಿದ್ದರೆ ಸಾಕಾಗಿತ್ತು.

ದಾವಣಗೆರೆಯ ಡಾಕ್ಟರನ್ನು ದೂರುವುದಿಲ್ಲ. ದಿನಾ ತಪ್ಪದೆ ಗುಳಿಗೆ ತಗೋತಾಳೇನು ಎಂದು ಅವರು ಪ್ರತಿ ಸಲ ಕೇಳುತ್ತಾರೆ. ನಾವು ಪ್ರತಿ ಸಲ ದಿನಾ ತಗೋತಾಳೆ ಎನ್ನುತ್ತೇವೆ. ಸುಳ್ಳು ಹೇಳಬೇಕೆಂದಲ್ಲ. ನಮ್ಮ ಮನೆಯಲ್ಲಿ ದಿನಾ ಅಡುಗೆ ಮಾಡುತ್ತೇವೆ, ದಿನಾ ಉಣ್ಣುತ್ತೇವೆ ಎನ್ನುವಾಗ ಏಕಾದಶಿ ಅದರಲ್ಲಿ ಬರುವುದಿಲ್ಲವೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ದಿನಾ ಔಷಧ ತಗೊಂಡರೂ ಮೂರ್ಛೆ ನಿಲ್ಲದ ಹುಡುಗಿ ಎಂದುಕೊಂಡು ಅವರು ಔಷಧ ಹೆಚ್ಚಿಸಿದರು. ಹೆಚ್ಚಿಸಿದ್ದಕ್ಕೆ ಈಗ ಅಕ್ಷರ ಎರಡು ಕಾಣುತ್ತವೆ. ಎರಡು ಕಾಣುವುದಕ್ಕೆ ನೀವು ಪರೀಕ್ಷೆ ಬಿಡಿಸುತ್ತೀರಿ. ಇಷ್ಟೂ ಒಂದು ಏಕಾದಶಿಯಿಂದ ಹುಟ್ಟಿದ್ದು.

ಆದ್ದರಿಂದ ಶನಿವಾರ ಅರ್ಧ ದಿನ ರಜೆ ಹಾಕಿ ಕೃಷ್ಣಿಯನ್ನು ಕರೆದುಕೊಂಡು ದಾವಣಗೆರೆಗೆ ಹೋಗಿರಿ. ಏಕಾದಶಿಯ ಮಾತು, ಆರು ಗುಳಿಗೆಯ ಮಾತು ಎರಡನ್ನೂ ಡಾಕ್ಟರಿಗೆ ಹೇಳಿರಿ. ಏನು ಕಡಿಮೆ ಮಾಡಬೇಕು, ಏನು ಬಿಡಬೇಕು ಎಂದು ಅವರೇ ಹೇಳಲಿ. ನೀವಾಗಿ ಒಂದನ್ನೂ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವೆಂದು ಆ ಸಣ್ಣ ಅಕ್ಷರದ ಕಾಗದದಲ್ಲಿದೆ. ಅದನ್ನೂ ನಾನು ಓದಿದ್ದೆ. ಒಂದು ದಿನ ಬಿಡುವುದು ‘ನಿಲ್ಲಿಸುವುದು’ ಅಲ್ಲ ಎಂದುಕೊಂಡಿದ್ದೆ.

ಇಲ್ಲಿಯವರೆಗಿನ ಕರಡು ಬರೆದು ನಿನ್ನೆ ಪೆನ್ನು ಕೆಳಗಿಟ್ಟೆ. ಇಂದು ನಕಲು ಮಾಡುವಾಗ ಓದಿ ನೋಡಿದರೆ ಎಲ್ಲ ಕಡೆ ‘ನಮ್ಮಲ್ಲಿ ಬಿಡುತ್ತೇವೆ’, ‘ನಾವು ಕೊಡುತ್ತೇವೆ’ ಎಂದೇ ಬರೆದಿದ್ದೇನೆ. ಈ ನಾವು ಯಾರು? ನೀವು ಅದನ್ನು ಓದಿ ಸುಮ್ಮನಿರುತ್ತೀರಿ, ನಿಮ್ಮ ಸ್ವಭಾವ ಅದು. ಆದರೆ ನಿಮಗೂ ನೆನಪಿದೆ, ನನಗೂ ನೆನಪಿದೆ.

೧೯೮೦ರ ಆಷಾಢ, ಪ್ರಥಮೈಕಾದಶಿಯ ಹಿಂದಿನ ಸಂಜೆ. ತಿಳವಳ್ಳಿಯಿಂದ ನಿಮ್ಮ ಸೋದರತ್ತೆ ಕೃಷ್ಣಾಬಾಯಿ ಬಂದಿದ್ದರು, ನಮ್ಮ ಕೃಷ್ಣಿಗೆ ಅವರದೇ ಹೆಸರು. ಹನ್ನೆರಡು ತುಂಬಿದ ಕೃಷ್ಣಿ, ನಾನೂ ಅಜ್ಜಿ ಹಂಗ ನಿರ್ಜಲ ಮಾಡ್ತೀನಿ ಎಂದು ಹಟ ಹಿಡಿದಳು. ನಿಮ್ಮ ತಾಯಿಯವರು, ಮಾಡ್ವಾ, ಆದರ ಗುಳಿಗಿ ಮಾತ್ರ ತಗೋ, ಔಷಧಕ್ಕ ದೋಷ ಇಲ್ಲ, ಶಾಸ್ತ್ರದಾಗ ಅದ ಎಂದರು. ಸ್ಪಷ್ಟವಾಗಿ ಹೀಗೇ ಎಂದರು. ಬೇಡ ಎಂದವಳು ನಾನು. ಗುಳಿಗೆ ನುಂಗಲು ನೀರು ಬೇಕು, ನೀರು ಕುಡಿದ ಮೇಲೆ ನಿರ್ಜಲ ಹೇಗಾದೀತು, ಮಾಡಿದರೆ ಸರಿಯಾಗಿ ಮಾಡಬೇಕು ಎಂದೆ.

ಯಾಕೆ ಹಾಗೆಂದೆ ಎಂಬುದನ್ನು ಮೂರು ವರ್ಷ ಮೀರಿ ನನ್ನೊಳಗೆ ಒಪ್ಪಿಕೊಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಏಕಾದಶಿ ನಾನು ಮರೆತು ಚಹಾ ಕುಡಿದೆ. ಅಂದಿನಿಂದ ನಿಮ್ಮ ಸೋದರತ್ತೆ ಬಂದವರಿಗೆಲ್ಲ, ನಮ್ಮ ಇಂಗ್ರೇಜಿ ಸೊಸಿ ಏಕಾದಶಿ ಅಂದ್ರ ಸಂಡೇ ಅಂತ ತಿಳದಿದ್ಲು, ಹೊಟ್ಟಿಗೆ ರಜಾ ಕೊಡೂದು ಗೊತ್ತ ಇರಲಿಲ್ಲ ಎಂದು ಹೇಳಿ ನಗಿಸುತ್ತಿದ್ದರು. ಹದಿನೆಂಟು ವರ್ಷ ಆ ಮಾತಿಗೆ ಜನ ನಕ್ಕರು. ನೀವೂ ಒಂದೆರಡು ಸಲ ನಕ್ಕಿರಿ. ಆ ಸಂಜೆ ಎಲ್ಲರಿಗಿಂತ ಬಿಗಿಯಾದ ನೇಮ ಹೇಳಿದವಳು ನಾನಾದೆ. ಕೃಷ್ಣಾಬಾಯಿ ಕನ್ನಡಕದ ಮೇಲಿಂದ ನೋಡಿ, ಇಂದಿರಾ ಈಗ ನಮ್ಮಾಕಿ ಆದ್ಲು ನೋಡ ಎಂದರು. ಆ ಒಂದು ಮಾತಿಗೆ ನಾನು ನನ್ನ ಮಗಳ ಗುಳಿಗೆಯನ್ನು ಕೊಟ್ಟೆ. ಬೇರೆ ಹೇಗೆ ಬರೆದರೂ ಸುಳ್ಳಾಗುತ್ತದೆ.

ಮರುದಿನ ಭಯವಾಯಿತು. ಅದಕ್ಕೆ ಕೂಡಿಸುವ ಉಪಾಯ ಮಾಡಿದೆ. ಎರಡು ದಿನಕ್ಕೆ ಆರು ಎಂದಮೇಲೆ ಯಾವಾಗ ಕೊಟ್ಟರೇನು, ಆರು ಆರೇ. ಚೆಂದಗೆ ಚೌಕಟ್ಟು ಹಾಕಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದೆ: ಏಕಾದಶಿ ಇಲ್ಲ, ದ್ವಾದಶಿ ಆರು. ಇನ್ನೂ ಅಲ್ಲೇ ಇದ್ದರೆ ಹರಿದುಹಾಕಿರಿ.

೧೯೮೨ರ ಮೇ ತಿಂಗಳಲ್ಲಿ ಕೃಷ್ಣಿ ತೂರಾಡಿ ಹಿತ್ತಲ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಂಡಾಗ ನಾನು ನಿಮ್ಮ ತಾಯಿಯವರ ಮೇಲೆ ಹೊರಿಸಿದ್ದು ನಿಮಗೆ ಮರೆತಿರಲಾರದು. ನೀವು ಗುಟ್ಟಾಗಿ ಯಾವುದೋ ನಾಟಿ ಬೇರು ಅರೆದು ಕುಡಿಸುತ್ತೀರಿ, ಅದಕ್ಕೇ ಹುಡುಗಿ ಅಮಲೇರಿದಂತೆ ನಡೆಯುತ್ತಾಳೆ ಎಂದೆ. ಅವರು ತುಳಸಿಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ನಂಬಲಿಲ್ಲ. ನೀವು ಕಂಬಕ್ಕೊರಗಿ ನಿಂತು ಇಬ್ಬರನ್ನೂ ನೋಡಿದಿರಿ, ಯಾರ ಪರವೂ ಮಾತಾಡಲಿಲ್ಲ. ಆ ಮೌನಕ್ಕೆ ಸಿಟ್ಟಾಗಿ ಜೂನ್‌ನಲ್ಲಿ ಈ ಶಾಲೆಯ ಕೆಲಸ ಹಿಡಿದು ಬಂದೆ. ಡಾಕ್ಟರು ಹತ್ತಿರವೆಂದು ಕೃಷ್ಣಿಯನ್ನು ಅಲ್ಲೇ ಬಿಟ್ಟೆ. ಒಂದು ವರ್ಷದ ಮಾತೆಂದುಕೊಂಡಿದ್ದೆ. ನಿಮ್ಮ ತಾಯಿ ತುಳಸಾಬಾಯಿಯವರಿಗೆ ಇದನ್ನು ಓದಿ ಹೇಳಿರಿ: ಬೇರು ಕುಡಿಸಿರಲಿಲ್ಲ. ಆರು ಗುಳಿಗೆ ನುಂಗಿಸಿದವಳು ನಾನು. ನಾನೇ ಬಂದು ಎದುರಿಗೆ ಹೇಳುತ್ತೇನೆ, ಆದರೆ ಅದಕ್ಕೆ ಮೊದಲೇ ಅವರಿಗೆ ಗೊತ್ತಾಗಬೇಕು. ಬಾಗಿಲಲ್ಲಿ ನಿಂತಾಗ ನನ್ನ ಧೈರ್ಯ ಕೈಕೊಟ್ಟರೆ?

ಇಷ್ಟೆಲ್ಲ ನನ್ನದೇ ತಪ್ಪು ಎಂದಮೇಲೆ ನಿಮ್ಮ ಮೇಲೆ ಇನ್ನೂ ಯಾಕೆ ಸಿಟ್ಟು ಎಂದು ಕೇಳುತ್ತೀರೇನೋ. ನಾನೂ ಕೇಳಿಕೊಳ್ಳುತ್ತೇನೆ. ನಾನು ಮನೆ ಬಿಟ್ಟು ಬಂದು ಒಂದೂವರೆ ವರ್ಷವಾಯಿತು. ನನ್ನ ನೇಮವೂ ನನ್ನೊಂದಿಗೆ ಹೊರಟುಹೋಗಬೇಕಿತ್ತು. ಶಾಸ್ತ್ರ ತಿಳಿದವರು ಮನೆಯಲ್ಲಿದ್ದೀರಿ. ಒಬ್ಬರಾದರೂ ಆಕೆಗೆ, ಏಕಾದಶಿಗೂ ಗುಳಿಗಿ ತಗೋ ಅನ್ನಬಾರದಿತ್ತೇ? ನೀವಾದರೂ ಅನ್ನಬಹುದಿತ್ತಲ್ಲ? ಕೋರ್ಟಿನಲ್ಲಿ ಯಾರ್ಯಾರದೋ ಹೇಳಿಕೆ ಅಕ್ಷರ ಬಿಡದೆ ಬರೆದುಕೊಳ್ಳುತ್ತೀರಿ. ಮನೆಯಲ್ಲಿ ನಿಮ್ಮ ಹೇಳಿಕೆ ಒಂದೂ ಇಲ್ಲ.

ಪರೀಕ್ಷೆಯ ಮಾತು. ಪರೀಕ್ಷೆಗೆ ಇನ್ನೂ ಒಂದೂವರೆ ತಿಂಗಳಿದೆ. ಔಷಧ ಸರಿಯಾದರೆ ಕಣ್ಣೂ ಕೈಯೂ ಸರಿಯಾದಾವು ಎಂದು ಮಕ್ತುಮಸಾಬರು ಹೇಳುತ್ತಾರೆ. ಡಾಕ್ಟರೂ ಹಾಗೇ ಹೇಳಿದರೆ ಆಕೆ ಕೂಡಲಿ. ಗಣಿತದಲ್ಲಿ ಹಿಂದಿದ್ದಾಳೆಂದು ಗೊತ್ತು. ಮೊದಲ ವರ್ಷ ಕೊಟ್ಟ ಗಾರ್ಡಿನಾಲ್ ಗುಳಿಗೆಯ ಮಂಪರಿನಲ್ಲಿ ಆಕೆ ಆರನೆಯ ತರಗತಿಯನ್ನು ಪೂರ್ತಿ ಮಲಗಿಯೇ ಕಳೆದಳು, ಆಗ ಹೋದ ಭಿನ್ನರಾಶಿ ಇನ್ನೂ ಮರಳಿಲ್ಲ. ಆಕೆ ದಡ್ಡಿಯಲ್ಲ. ನಪಾಸಾದರೆ ಅಕ್ಟೋಬರಿಗೆ ಮತ್ತೆ ಕಟ್ಟೋಣ. ಆದರೆ ನಾವೇ ಬಿಡಿಸಬಾರದು. ಫಿಟ್ಸ್ ಬರುವವಳು ಓದಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ದಾವಲಬಿ ಗಂಡ ಇಲ್ಲದಾಗ ಔಷಧದ ಅಂಗಡಿ ನೋಡಿಕೊಳ್ಳುತ್ತಾರೆ ಎಂದು ಹೇಳಿರಿ.

ನಾನು ಇಪ್ಪತ್ತೈದನೆಯ ತಾರೀಖು ಶನಿವಾರ ಶಾಲೆ ಮುಗಿಸಿ ಹಿರೇಕೆರೂರಿಗೆ ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿಮ್ಮಿಷ್ಟ. ಸೋಮವಾರದ್ದು ಮಾತ್ರ ಇಷ್ಟದ ಮಾತಲ್ಲ.

ತಾಯಿಯವರಿಗೆ ನಮಸ್ಕಾರ ಹೇಳಿರಿ. ಕೃಷ್ಣಿಯ ಹಣೆಯ ಕಲೆ ಮಾಸಿದೆಯೇ ಬರೆಯಿರಿ.

ಇನ್ನೂ ನಿಮ್ಮ ಹೆಸರಿನ ಹಿಂದೆಯೇ ಸಹಿ ಮಾಡುವ,
ಇಂದಿರಾ ಮಧ್ವೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದ್ದೇನೆ. ಒಬ್ಬರಾದರೂ ಆಕೆಗೆ ತಗೋ ಅನ್ನಬಾರದಿತ್ತೇ ಎಂದು ಮೇಲೆ ಕೇಳಿದೆನಲ್ಲ, ಅದು ಸುಳ್ಳು ಪ್ರಶ್ನೆ. ನೀವೆಲ್ಲ ಅಂದಿದ್ದೀರೆಂದು ನನಗೆ ಗೊತ್ತಿತ್ತು. ಜನವರಿ ಇಪ್ಪತ್ತಕ್ಕೆ ಕೃಷ್ಣಿಯ ಇನ್‌ಲ್ಯಾಂಡ್ ಪತ್ರ ಬಂದಿತ್ತು, ನಿಮಗೆ ಹೇಳದೆ ಬರೆದದ್ದು. ಅವ್ವಾ, ಏಕಾದಶಿಗೂ ಗುಳಿಗಿ ತಗೋ ಅಂತ ಅಜ್ಜಿ ದಿನಾ ಗಂಟ ಬೀಳ್ತಾಳ, ಅಪ್ಪಾನೂ ಅಂತಾನ, ಆದರ ಸರಿಯಾಗಿ ಮಾಡಬೇಕು ಅಂತ ನೀ ಹೇಳಿದ್ದಿ, ನೀ ಹೂಂ ಅಂದ್ರ ತಗೋತೀನಿ, ಲಗೂನ ಬರಿ ಎಂದಿತ್ತು. ಏಕಾದಶಿ ಇದ್ದದ್ದು ಇಪ್ಪತ್ತೆಂಟಕ್ಕೆ. ಎಂಟು ದಿನ ಸಮಯವಿತ್ತು. ಹೂಂ ಎಂದರೆ ನಿಮ್ಮ ತಾಯಿಯವರದೇ ಸರಿಯಾಗಿತ್ತೆಂದು ಆದೀತಲ್ಲ ಎಂದು ಎರಡು ದಿನ ತಡೆದೆ. ಆಮೇಲೆ ಶಾಲೆಯ ತಪಾಸಣೆ ಬಂತು, ಅದನ್ನು ನೆಪ ಮಾಡಿಕೊಂಡೆ. ಇಪ್ಪತ್ತೊಂಬತ್ತರ ನಸುಕಿನಲ್ಲಿ ಆಕೆ ನಾಲಿಗೆ ಕಚ್ಚಿಕೊಂಡಾಗ ಆ ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು. ಇದನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿದರೂ ಸರಿ.

ಒಳಗೆ ಆಕೆಗೆ ಬೇರೆ ಚೀಟಿ ಇದೆ. ನೀವು ಬಾಯಿಮಾತಿನಲ್ಲಿ ಹೇಳಬೇಡಿ, ಚೀಟಿಯನ್ನೇ ಆಕೆಯ ಕೈಗೆ ಕೊಡಿರಿ. ನನ್ನ ಅಕ್ಷರ ಕಾಣದೆ ಆಕೆ ತಗೊಳ್ಳುವುದಿಲ್ಲ. ಎರಡು ಕಂಡರೂ ಓದಲು ಬರಲೆಂದು ಇಡೀ ಹಾಳೆಯ ತುಂಬ ಒಂದೇ ಮಾತು ಬರೆದಿದ್ದೇನೆ: ಹೂಂ.